ಚಮಚದಿಂದ ಪೀಪಾಯಿಯವರೆಗೆ: ಅಡುಗೆಮನೆ ಅಳತೆಯನ್ನು ಡ್ರಮ್, ಖಂಡುಗ, ಹಾಗ್ಸ್‌ಹೆಡ್‌ಗೆ ಏರಿಸುವ ಸಮಗ್ರ ಮಾರ್ಗದರ್ಶಿ

ರಾಮನವಮಿಗೆ ಮನೆಯಲ್ಲಿ ಒಂದು ಚೊಂಬು ಪಾನಕ ಮಾಡುವವರಿಗೆ ಅಳತೆ ಕೈಯಲ್ಲೇ ಇರುತ್ತದೆ. ಅದೇ ಪಾನಕವನ್ನು ತುಮಕೂರಿನ ಬೀದಿಯಲ್ಲಿ ಪೆಂಡಾಲ್ ಹಾಕಿ ಸಾವಿರ ಜನಕ್ಕೆ ಕೊಡಬೇಕೆಂದಾಗ ಲೆಕ್ಕ ಜಾರುತ್ತದೆ. ಲೀಟರಿಗೆ ಅರ್ಧ ಚಮಚ ಏಲಕ್ಕಿ ಎಂದರೆ ಒಂದು ಡ್ರಮ್ಮಿಗೆ ಎಷ್ಟು? ಡ್ರಮ್ಮು ನಿಜವಾಗಿ ಎಷ್ಟು ಲೀಟರ್? ಅಜ್ಜಿಯ ಕಾಲದ ಪುಸ್ತಕದಲ್ಲಿ ಸೇರು, ಕೊಳಗ ಎಂದಿದ್ದರೆ, ಇಂಗ್ಲಿಷ್ ಪುಸ್ತಕದಲ್ಲಿ ದೊಡ್ಡ ಪೀಪಾಯಿಯ ಅಳತೆಯಾದ ಹಾಗ್ಸ್‌ಹೆಡ್ ಎಂದಿದ್ದರೆ ಏನು ಮಾಡಬೇಕು?

ಚಮಚದಿಂದ ನೇರವಾಗಿ ಪೀಪಾಯಿಗೆ ಹಾರಬೇಡಿ. ಯಾವ ಅಳತೆಯೇ ಇರಲಿ, ಮೊದಲು ಮಿ.ಲೀ. ಅಥವಾ ಲೀಟರಿಗೆ ತನ್ನಿ, ಆಮೇಲೆ ಬೇಕಾದ ಕಡೆಗೆ ಒಯ್ಯಿರಿ. ಪುಡಿ ಪದಾರ್ಥವಾದರೆ ಮಿ.ಲೀ. ಅಲ್ಲ, ಗ್ರಾಂ. ಇದನ್ನು ಬಿಟ್ಟು ಬಾಯಿಲೆಕ್ಕದಲ್ಲಿ ಏರಿಸಿದಾಗಲೇ ಬಹುತೇಕ ಎಡವಟ್ಟು ಆಗುವುದು.

ಮೊದಲು ನಿಮ್ಮ ಚಮಚ, ಲೋಟ, ಸೇರನ್ನು ಅಳೆಯಿರಿ

ಅಳತೆ ಚಮಚದ ಲೆಕ್ಕದಲ್ಲಿ ಟೀ ಚಮಚ 5 ಮಿ.ಲೀ., ಟೇಬಲ್ ಚಮಚ 15 ಮಿ.ಲೀ. ಆದರೆ ಆಸ್ಟ್ರೇಲಿಯಾದ ಪಾಕವಿಧಾನದಲ್ಲಿ ಟೇಬಲ್ ಚಮಚ 20 ಮಿ.ಲೀ. ಕಪ್ಪು ಅಮೆರಿಕದ್ದಾದರೆ 236.6 ಮಿ.ಲೀ., ಮೆಟ್ರಿಕ್ ಕಪ್ಪಾದರೆ 250. ಮನೆಯ ಸ್ಟೀಲ್ ಚಮಚಕ್ಕೆ ಇದ್ಯಾವುದರ ಹಂಗೂ ಇಲ್ಲ. ಒಂದೇ ಅಂಗಡಿಯಲ್ಲಿ ಕೊಂಡ ಎರಡು ಬಗೆಯ ಚಮಚಗಳೂ ಒಂದೇ ಸಮ ಹಿಡಿಯುವುದಿಲ್ಲ.

ಅಳೆಯಲು ಬೇಕಾದದ್ದು ಅಡುಗೆಮನೆಯ ಡಿಜಿಟಲ್ ತಕ್ಕಡಿ ಮತ್ತು ನೀರು ಮಾತ್ರ. 1 ಮಿ.ಲೀ. ನೀರು 1 ಗ್ರಾಂ ತೂಗುತ್ತದೆ. ಬೇಸಿಗೆಯ 30 ಡಿಗ್ರಿ ಬಿಸಿಯಲ್ಲೂ ವ್ಯತ್ಯಾಸ ಶೇಕಡಾ ಅರ್ಧಕ್ಕಿಂತ ಕಡಿಮೆ. ಕೋಲಾರದ ಬೋರ್‌ವೆಲ್ ನೀರು ಎಷ್ಟೇ ಗಡುಸಾಗಿದ್ದರೂ ಈ ಲೆಕ್ಕ ಕೆಡುವುದಿಲ್ಲ. ಲೀಟರಿಗೆ 1 ಗ್ರಾಂ ಲವಣ ಕರಗಿದ್ದರೂ ಅದು ಸಾವಿರಕ್ಕೆ ಒಂದು ಪಾಲು ಅಷ್ಟೇ.

ತಕ್ಕಡಿಯ ಮೇಲೆ ಖಾಲಿ ಬಟ್ಟಲಿಟ್ಟು ಸೊನ್ನೆ ಮಾಡಿ. ಚಮಚದಲ್ಲಿ 10 ಸಲ ನೀರು ತುಂಬಿ ಬಟ್ಟಲಿಗೆ ಹಾಕಿ, ಬಂದ ತೂಕವನ್ನು 10ರಿಂದ ಭಾಗಿಸಿ. 43 ಗ್ರಾಂ ಬಂದರೆ ನಿಮ್ಮ ಚಮಚ 4.3 ಮಿ.ಲೀ. ಒಂದೇ ಚಮಚ ತೂಗಿ ನೋಡಿದರೆ ಸಾಲದು, ನೀರು ಅಂಚಿನ ಮೇಲೆ ಉಬ್ಬಿ ನಿಲ್ಲುವುದರಿಂದ ಒಂದೊಂದು ಸಲ ಒಂದೊಂದು ತೂಕ ಬರುತ್ತದೆ. 5ರ ಬದಲು 4.3 ಎಂದರೆ ಶೇಕಡಾ 14 ಕಡಿಮೆ. ಒಂದು ಲೋಟಕ್ಕೆ ಅದು ನಾಲಿಗೆಗೆ ಗೊತ್ತಾಗುವುದೂ ಇಲ್ಲ. ಡ್ರಮ್ಮಿಗೆ ಏರಿಸಿದಾಗಲೂ ಶೇಕಡಾ ಅಷ್ಟೇ ಇರುತ್ತದೆ, ಆದರೆ 80 ಚಮಚ ಹಾಕುವಲ್ಲಿ 11 ಚಮಚ ಕಡಿಮೆ ಬಿದ್ದಿರುತ್ತದೆ, ಆಮೇಲೆ ಸರಿಪಡಿಸಲು ಅಷ್ಟು ಏಲಕ್ಕಿಪುಡಿ ಕೈಯಲ್ಲಿರುವುದಿಲ್ಲ.

ಪಾವು, ಸೇರಿನದೂ ಇದೇ ಕಥೆ. ನಮ್ಮ ಕಡೆಯ ಸರಪಳಿ ಹೀಗಿದೆ:

4 ಚಟಾಕು = 1 ಪಾವು
2 ಪಾವು = 1 ಅಚ್ಚೇರು
2 ಅಚ್ಚೇರು = 1 ಸೇರು
2 ಸೇರು = 1 ಬಳ್ಳ
4 ಬಳ್ಳ = 1 ಕೊಳಗ
20 ಕೊಳಗ = 1 ಖಂಡುಗ

ಈ ಲೆಕ್ಕಕ್ಕೆ ಖಂಡುಗವೆಂದರೆ 160 ಸೇರು. ಆದರೆ ಕೊಳಗಕ್ಕೆ ಎಷ್ಟು ಸೇರು ಎಂಬುದು ಊರಿಂದೂರಿಗೆ ಬದಲಾಗುತ್ತಿತ್ತು. ಹಾಗಾಗಿ ಹಳೆ ಲೆಕ್ಕದ ಪುಸ್ತಕ ಯಾವ ಊರಿನದು ಎಂದು ತಿಳಿಯದೆ ಈ ಸರಪಳಿಯನ್ನು ಅದಕ್ಕೆ ತಗುಲಿಸಬೇಡಿ. ತೂಕದ ಸೇರು ಬೇರೆ, ಅಳತೆಯ ಸೇರು ಬೇರೆ ಎಂಬುದೂ ನೆನಪಿರಲಿ. 80 ತೊಲದ ತೂಕದ ಸೇರು 933 ಗ್ರಾಂ. ರಾಗಿ ಅಳೆಯುವ ಸೇರು ಪಾತ್ರೆ, ಅದಕ್ಕೂ ಆ 933ಕ್ಕೂ ಸಂಬಂಧವಿಲ್ಲ. ಮನೆಯಲ್ಲಿರುವ ಸೇರಿಗೆ ಅಂಚಿನವರೆಗೆ ನೀರು ತುಂಬಿ ತೂಗಿ. 1060 ಗ್ರಾಂ ಬಂದರೆ ಅದು 1.06 ಲೀಟರ್, ಅದರ ಖಂಡುಗ 169.6 ಲೀಟರ್. ಸೇರು ಸರಿಯಾಗಿ 1 ಲೀಟರ್ ಹಿಡಿದರೆ ಖಂಡುಗ 160 ಲೀಟರ್. ಪತ್ರಿಕೆಯಲ್ಲಿ ಕಚ್ಚಾ ತೈಲದ ಬೆಲೆ ಹೇಳುವಾಗ ಬರುವ ಬ್ಯಾರೆಲ್ 159 ಲೀಟರ್. ಹತ್ತಿರ ಹತ್ತಿರ ಒಂದೇ ಆಗಿರುವುದು ಕಾಕತಾಳೀಯ, ಆದರೆ ನೆನಪಿಡಲು ಅನುಕೂಲ.

ಧಾನ್ಯ ಅಳೆಯುವಾಗ ಸೇರಿನ ಮೇಲೆ ಗೋಪುರ ನಿಲ್ಲಿಸುವ ರೂಢಿ ಇತ್ತು. ಪಾಕವಿಧಾನಕ್ಕೆ ಅದು ಬೇಡ. ಅಂಚಿಗೆ ಸರಿಯಾಗಿ ಕಡ್ಡಿಯಿಂದ ಸವರಿದ ಅಳತೆಯನ್ನೇ ಹಿಡಿಯಿರಿ. ಚಮಚಕ್ಕೂ ಇದೇ ನಿಯಮ: ಗುಡ್ಡೆ ಚಮಚ ಸವರಿದ ಚಮಚದ ಒಂದೂವರೆಯಿಂದ ಎರಡು ಪಟ್ಟು ಹಿಡಿಯುತ್ತದೆ.

ಪುಡಿಯನ್ನು ಗ್ರಾಮಿಗೆ ತರುವುದು

ಡ್ರಮ್ಮಿನ ಲೆಕ್ಕದಲ್ಲಿ ಹತ್ತು ಚಮಚ ದಾಟಿದ ಮೇಲೆ ಚಮಚ ಕೆಳಗಿಟ್ಟು ತಕ್ಕಡಿ ಹಿಡಿಯಿರಿ. ಎಣಿಸುತ್ತಾ ಮಧ್ಯೆ ಯಾರಾದರೂ ಮಾತನಾಡಿಸಿದರೆ ಮುಗಿಯಿತು, ಮೂವತ್ತೋ ನಲವತ್ತೋ ಎಂದು ಗೊತ್ತಾಗುವುದಿಲ್ಲ.

5 ಮಿ.ಲೀ. ಚಮಚಕ್ಕೆ ಪುಡಿ ಉಪ್ಪು ಸುಮಾರು 6 ಗ್ರಾಂ, ಸಕ್ಕರೆ 4 ಗ್ರಾಂ, ಎಣ್ಣೆ 4.6 ಗ್ರಾಂ, ಜೇನು 7 ಗ್ರಾಂ. ಕಲ್ಲುಪ್ಪು ಹರಳಿನ ನಡುವೆ ಗಾಳಿ ಬಿಡುವುದರಿಂದ ಅದೇ ಚಮಚದಲ್ಲಿ ಕಡಿಮೆ ತೂಗುತ್ತದೆ. ಪುಡಿ ಉಪ್ಪಿನ ಲೆಕ್ಕವನ್ನು ಚಮಚದಲ್ಲೇ ಕಲ್ಲುಪ್ಪಿಗೆ ತಿರುಗಿಸಿದರೆ ಸಪ್ಪೆಯಾಗುವುದು ಇದರಿಂದಲೇ. ಏಲಕ್ಕಿ, ಶುಂಠಿ, ಮೆಣಸಿನ ಪುಡಿಗಳ ತೂಕ ಬೀಸಿದ ನುಣುಪಿನ ಮೇಲೆ ಹೋಗುತ್ತದೆ. ಸವರಿದ 10 ಚಮಚ ತೂಗಿ 10ರಿಂದ ಭಾಗಿಸಿ ನಿಮ್ಮದೇ ಅಂಕಿ ಬರೆದಿಟ್ಟುಕೊಳ್ಳಿ.

ಡ್ರಮ್ಮಿನ ನಿಜವಾದ ಅಳತೆ

ಎಲ್ಲರೂ 200 ಲೀಟರ್ ಡ್ರಮ್ ಎನ್ನುತ್ತಾರೆ. ಅದರ ಮೂಲ ಅಳತೆ ಅಮೆರಿಕದ 55 ಗ್ಯಾಲನ್, ಅಂದರೆ 208 ಲೀಟರ್. ಅಂಚಿನವರೆಗೆ ತುಂಬಿದರೆ ಇನ್ನೂ ಸ್ವಲ್ಪ ಹಿಡಿಯುತ್ತದೆ. ನೆಟ್ಟಗಿನ ಡ್ರಮ್ ಆದರೆ ಒಳವ್ಯಾಸವನ್ನು ಸೆಂ.ಮೀ.ನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, 0.7854ರಿಂದ ಗುಣಿಸಿ, ಎತ್ತರದಿಂದ ಗುಣಿಸಿ, 1000ದಿಂದ ಭಾಗಿಸಿ. ಒಳವ್ಯಾಸ 57, ಒಳ ಎತ್ತರ 85 ಇದ್ದರೆ:

57 × 57 × 0.7854 × 85 ÷ 1000 = 216.9 ಲೀಟರ್

ಈ ಡ್ರಮ್ಮಿನಲ್ಲಿ ಪ್ರತಿ ಸೆಂ.ಮೀ. ಎತ್ತರಕ್ಕೆ 2.55 ಲೀಟರ್. 20 ಲೀಟರ್ ಎಂದರೆ 7.8 ಸೆಂ.ಮೀ. ಒಂದು ಸ್ವಚ್ಛವಾದ ಬಿದಿರು ಗಳದ ಮೇಲೆ ತಳದಿಂದ 7.8 ಸೆಂ.ಮೀ.ಗೊಂದು ಗೀಟು ಹಾಕಿದರೆ ಅಳತೆಕೋಲು ಸಿದ್ಧ.

ಡ್ರಮ್ಮಿನ ಮೈಯಲ್ಲಿ ಉಬ್ಬು ಬಳೆಗಳಿದ್ದರೆ, ಪ್ಲಾಸ್ಟಿಕ್ ಡ್ರಮ್ಮಿನ ಹಾಗೆ ಭುಜ ಬಾಗಿದ್ದರೆ ಈ ಸೂತ್ರ ತುಸು ತಪ್ಪುತ್ತದೆ. ಆಗ ನೀರನ್ನೇ ಸುರಿದು ಗೀಟು ಹಾಕುವುದು ಮೇಲು. 20 ಲೀಟರ್ ನೀರಿನ ಕ್ಯಾನನ್ನು ಖಾಲಿ ಇದ್ದಾಗ ಒಮ್ಮೆ, ತುಂಬಿದಾಗ ಒಮ್ಮೆ ತೂಗಿ. ಎರಡರ ವ್ಯತ್ಯಾಸ ಕೆ.ಜಿ.ಯಲ್ಲಿ ಎಷ್ಟೋ ಅಷ್ಟೇ ಲೀಟರ್. ಆ ಕ್ಯಾನಿನಿಂದ ಸುರಿಯುತ್ತಾ ಪ್ರತಿ ಸಲ ಕೋಲಿಗೆ ಗೀಟು ಹಾಕಿ. ಬಿಂದಿಗೆಯಲ್ಲಿ ಎಣಿಸುವವರೂ ಉಂಟು, ಆದರೆ ಬಿಂದಿಗೆಯನ್ನು ಕತ್ತಿನವರೆಗೆ ತುಂಬಿದೆವೋ ಬಾಯಿಯವರೆಗೆ ತುಂಬಿದೆವೋ ಎನ್ನುವುದರಲ್ಲೇ ಅರ್ಧ ಲೀಟರ್ ಆಚೆಈಚೆ ಆಗುತ್ತದೆ. ಡ್ರಮ್ಮು ಸಮತಟ್ಟಾದ ನೆಲದ ಮೇಲಿರಬೇಕು, ಕೋಲು ಪ್ರತಿ ಸಲವೂ ನಡುವಿನಲ್ಲೇ ನೆಟ್ಟಗೆ ಇಳಿಯಬೇಕು.

ಕುಡಿಯುವ ಪದಾರ್ಥಕ್ಕೆ ಆಹಾರ ದರ್ಜೆಯ ಹೊಸ ಡ್ರಮ್ಮೇ ಆಗಬೇಕು. ಗುಜರಿಯಲ್ಲಿ ಸಿಗುವ ನೀಲಿ ಡ್ರಮ್ಮಿನಲ್ಲಿ ಮೊದಲು ಏನಿತ್ತು ಎಂದು ಯಾರಿಗೂ ಗೊತ್ತಿರುವುದಿಲ್ಲ, ಎಷ್ಟು ತೊಳೆದರೂ ರಾಸಾಯನಿಕ ಪ್ಲಾಸ್ಟಿಕ್ಕಿನ ಒಳಗೆ ಇಳಿದಿರುತ್ತದೆ. ನಿಂಬೆರಸ, ಹುಣಸೆ, ಮಜ್ಜಿಗೆ ಬೀಳುವುದಾದರೆ ಜಿಂಕ್ ಲೇಪದ ತಗಡು, ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಹಂಡೆ ಯಾವುದೂ ಬೇಡ. ಹುಳಿಗೆ ಲೋಹ ಕರಗುತ್ತದೆ.

ಲೀಟರಿನಿಂದ ಡ್ರಮ್ಮಿಗೆ: ಪಾನಕದ ಲೆಕ್ಕ

ಮನೆಯ ಅಳತೆ ಹೀಗಿದೆ ಎಂದಿಟ್ಟುಕೊಳ್ಳಿ: 1 ಲೀಟರ್ ನೀರು, 150 ಗ್ರಾಂ ಬೆಲ್ಲ, 2 ಟೇಬಲ್ ಚಮಚ ನಿಂಬೆರಸ, ಅರ್ಧ ಟೀ ಚಮಚ ಒಣಶುಂಠಿ ಪುಡಿ, ಅರ್ಧ ಟೀ ಚಮಚ ಏಲಕ್ಕಿ ಪುಡಿ, ಕಾಲು ಟೀ ಚಮಚ ಕಾಳುಮೆಣಸಿನ ಪುಡಿ.

ಇದರಿಂದ ಎಷ್ಟು ಪಾನಕ ಬರುತ್ತದೆ? 1 ಲೀಟರ್ ಅಲ್ಲ. ಕರಗಿದ ಬೆಲ್ಲವೂ ಜಾಗ ಹಿಡಿಯುತ್ತದೆ, ಕೆ.ಜಿ.ಗೆ ಸುಮಾರು 0.6 ಲೀಟರ್. 150 ಗ್ರಾಂ ಬೆಲ್ಲಕ್ಕೆ 90 ಮಿ.ಲೀ., ನಿಂಬೆರಸ 30 ಮಿ.ಲೀ., ಒಟ್ಟು 1.12 ಲೀಟರ್. ಇದನ್ನು ಮರೆತು ಡ್ರಮ್ಮಿಗೆ 200 ಲೀಟರ್ ನೀರು ತುಂಬಿ ಮೇಲೆ 30 ಕೆ.ಜಿ. ಬೆಲ್ಲ ಹಾಕಿದರೆ 18 ಲೀಟರ್ ಏರುತ್ತದೆ, ನಿಂಬೆರಸ ಬೇರೆ 6 ಲೀಟರ್. 217 ಲೀಟರಿನ ಡ್ರಮ್ ಉಕ್ಕಿ ಹರಿಯುತ್ತದೆ.

ಕಲಕಲು ಜಾಗ ಬೇಕಲ್ಲ, ಆದ್ದರಿಂದ ಈ ಡ್ರಮ್ಮಿನಲ್ಲಿ 180 ಲೀಟರಿಗೆ ನಿಲ್ಲಿಸೋಣ. 180 ÷ 1.12 = 160.7. ಗುಣಕವನ್ನು 160 ಎಂದು ಹಿಡಿಯಿರಿ. ಎಲ್ಲವನ್ನೂ ಇದರಿಂದ ಗುಣಿಸಿದರೆ:

ನೀರು 160 ಲೀಟರ್
ಬೆಲ್ಲ 24 ಕೆ.ಜಿ.
ನಿಂಬೆರಸ 4.8 ಲೀಟರ್
ಒಣಶುಂಠಿ 80 ಟೀ ಚಮಚ, ಚಮಚಕ್ಕೆ 2 ಗ್ರಾಂ ಬಂದರೆ 160 ಗ್ರಾಂ
ಏಲಕ್ಕಿಯೂ ಅಷ್ಟೇ
ಕಾಳುಮೆಣಸು 40 ಟೀ ಚಮಚ, ಇದನ್ನೂ ನಿಮ್ಮ ಅಂಕಿಯಿಂದ ಗ್ರಾಮಿಗೆ ತನ್ನಿ

ಹಣ್ಣಿಗೆ 15 ಮಿ.ಲೀ. ರಸ ಬಂದರೆ 320 ನಿಂಬೆಹಣ್ಣು. ಬೇಸಿಗೆಯಲ್ಲಿ ಸಣ್ಣ ಹಣ್ಣು ಬಂದು 10 ಮಿ.ಲೀ. ಮಾತ್ರ ಇಳಿದರೆ 480. ಮಂಡಿಗೆ ಹೋಗುವ ಮುಂಚೆ ಐದಾರು ಹಣ್ಣು ಹಿಂಡಿ ನೋಡುವುದು ಒಳ್ಳೆಯದು.

ಮಸಾಲೆಯನ್ನು ಮಾತ್ರ ಪೂರ್ತಿ ಗುಣಿಸಿದ ಅಳತೆಗೆ ಒಮ್ಮೆಲೇ ಹಾಕಬೇಡಿ. ಮನೆಯ ಪಾನಕ ಹತ್ತು ನಿಮಿಷದಲ್ಲಿ ಖಾಲಿ. ಡ್ರಮ್ಮಿನದು ಮೂರು ನಾಲ್ಕು ಗಂಟೆ ನಿಲ್ಲುತ್ತದೆ, ಅಷ್ಟು ಹೊತ್ತು ಮೆಣಸು, ಶುಂಠಿಯ ಖಾರ ಇಳಿಯುತ್ತಲೇ ಇರುತ್ತದೆ. ಮುಕ್ಕಾಲು ಪಾಲು ಹಾಕಿ, ಅರ್ಧ ಗಂಟೆ ಬಿಟ್ಟು ರುಚಿ ನೋಡಿ, ಉಳಿದದ್ದನ್ನು ಆಮೇಲೆ ಸೇರಿಸಿ. ಖಾರ ಕಡಿಮೆಯಾದರೆ ಸೇರಿಸಬಹುದು, ಹೆಚ್ಚಾದರೆ ಇನ್ನೊಂದು ಡ್ರಮ್ ಬೇಕಾಗುತ್ತದೆ.

ಬೆಲ್ಲದ ಅಚ್ಚನ್ನು ನೇರವಾಗಿ ಡ್ರಮ್ಮಿಗೆ ಇಳಿಬಿಡುವುದು ಎಲ್ಲ ಕಡೆ ನಡೆಯುವ ತಪ್ಪು. ಬೆಲ್ಲ ತಳದಲ್ಲೇ ಕರಗಿ ಪಾಕದ ಹಾಗೆ ಕೂರುತ್ತದೆ, ಮೇಲಿನಿಂದ ಮೊಗೆದುಕೊಟ್ಟವರಿಗೆ ಶುಂಠಿ ನೀರು ಸಿಗುತ್ತದೆ, ಕೊನೆಯಲ್ಲಿ ಬಂದವರಿಗೆ ಗಂಟಲು ಕಟ್ಟುವ ಸಿಹಿ. ತಳದಲ್ಲಿ ನಲ್ಲಿ ಇದ್ದರೆ ಇದೇ ತಲೆಕೆಳಗು. 24 ಕೆ.ಜಿ. ಬೆಲ್ಲವನ್ನು ಕುಟ್ಟಿ, 160ರಲ್ಲಿ 40 ಲೀಟರ್ ನೀರನ್ನು ಬೆಚ್ಚಗೆ ಮಾಡಿ, ದೊಡ್ಡ ಕೊಳದಪ್ಪಲೆಗಳಲ್ಲಿ ಪೂರ್ತಿ ಕರಗಿಸಿ. ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ ಡ್ರಮ್ಮಿಗೆ ಹಾಕಿ. ಮರಳು, ಕಬ್ಬಿನ ನಾರು ಬಟ್ಟೆಯಲ್ಲೇ ಉಳಿಯುತ್ತದೆ. ಆಮೇಲೆ ತಣ್ಣೀರು, ಕೊನೆಗೆ ನಿಂಬೆರಸ. ಕಲಕುವ ಕೋಲು ತಳ ಮುಟ್ಟಬೇಕು, ಸುತ್ತ ತಿರುಗಿಸಿದರೆ ಸಾಲದು, ಕೆಳಗಿನದು ಮೇಲೆ ಬರುವಂತೆ ಎತ್ತಿ ಕಲಕಬೇಕು.

ಮಂಜುಗಡ್ಡೆ ಹಾಕುವ ಯೋಚನೆ ಇದ್ದರೆ ಅದನ್ನು ನೀರಿನ ಲೆಕ್ಕದಲ್ಲೇ ಕಳೆಯಿರಿ. 20 ಕೆ.ಜಿ. ಗಡ್ಡೆ ಕರಗಿದರೆ 20 ಲೀಟರ್ ನೀರು. ಆದ್ದರಿಂದ ನೀರು 140 ಲೀಟರ್ ಮಾತ್ರ. ಗಡ್ಡೆಯೂ ಕುಡಿಯುವ ನೀರಿನಿಂದಲೇ ಮಾಡಿದ್ದಾಗಿರಬೇಕು, ಮೀನು ಸಾಗಿಸಲು ಮಾಡುವ ಗಡ್ಡೆ ಕೂಡದು.

ಮುಗಿದ ಮೇಲೆ ಅಳತೆಕೋಲು ಇಳಿಸಿ ನೋಡಿ: 180 ಲೀಟರ್ ಎಂದರೆ ಸುಮಾರು 70.6 ಸೆಂ.ಮೀ. ಅದಕ್ಕಿಂತ ಎರಡು ಮೂರು ಸೆಂ.ಮೀ. ಮೇಲಿದ್ದರೆ ಎಲ್ಲೋ ನೀರು ಹೆಚ್ಚು ಬಿದ್ದಿದೆ. ಒಟ್ಟು ತೂಕ 189 ಕೆ.ಜಿ. ಹತ್ತಿರ, ಅದರ ಮೇಲೆ ಡ್ರಮ್ಮಿನ ತೂಕ. ತುಂಬಿದ ಮೇಲೆ ಜರುಗಿಸುವ ಮಾತೇ ಇಲ್ಲ, ಹಂಚುವ ಜಾಗದಲ್ಲೇ ಇಟ್ಟು ತುಂಬಬೇಕು. 150 ಮಿ.ಲೀ. ಪೇಪರ್ ಲೋಟಕ್ಕೆ 180 ಲೀಟರ್ ಎಂದರೆ ಲೆಕ್ಕದಲ್ಲಿ 1200 ಲೋಟ. ತಳದ ಮಡ್ಡಿ, ಚೆಲ್ಲುವುದು, ಲೋಟ ತುಳುಕುವುದು ಎಲ್ಲ ಕಳೆದು 1100 ಜನಕ್ಕೆ ಎಂದು ಹೇಳಿ.

ಉಪ್ಪುನೀರಿನಲ್ಲಿ ಜಾಗದ ಲೆಕ್ಕ ಬೇರೆ. ನೆಲ್ಲಿಕಾಯಿ ನೆನೆಹಾಕಲು ತೂಕದಲ್ಲಿ ಶೇಕಡಾ 10ರ ಉಪ್ಪುನೀರು 50 ಲೀಟರ್ ಬೇಕೆಂದರೆ, ಅದರ 1 ಲೀಟರ್ 1.07 ಕೆ.ಜಿ. ತೂಗುವುದರಿಂದ ಒಟ್ಟು 53.5 ಕೆ.ಜಿ. ಮಾಡಬೇಕು: ಉಪ್ಪು 5.35 ಕೆ.ಜಿ., ನೀರು 48.15 ಲೀಟರ್. 45 ಲೀಟರ್ ನೀರಿಗೆ 5 ಕೆ.ಜಿ. ಉಪ್ಪು ಹಾಕಿದರೆ 50 ಲೀಟರ್ ಆಗುತ್ತದೆ ಎಂದು ನಂಬಿದರೆ 46.7 ಲೀಟರ್ ಮಾತ್ರ ಬಂದು ಮೇಲಿನ ಕಾಯಿ ಗಾಳಿಗೆ ಬಿದ್ದು ಬೂಷ್ಟು ಹಿಡಿಯುತ್ತದೆ.

ಗ್ಯಾಲನ್, ಬ್ಯಾರೆಲ್, ಹಾಗ್ಸ್‌ಹೆಡ್

ಇಂಗ್ಲಿಷ್ ಪೀಪಾಯಿಗಳ ಗೊಂದಲವೆಲ್ಲ ಗ್ಯಾಲನ್ನಿನಲ್ಲಿದೆ. ಅಮೆರಿಕದ ಗ್ಯಾಲನ್ 231 ಘನ ಅಂಗುಲ, 3.785 ಲೀಟರ್. ಅದು ಇಂಗ್ಲೆಂಡಿನ ಹಳೆಯ ವೈನ್ ಗ್ಯಾಲನ್ನೇ. ಇಂಗ್ಲೆಂಡ್ 1824ರ ಕಾಯ್ದೆಯಲ್ಲಿ 10 ಪೌಂಡ್ ನೀರು ಹಿಡಿಯುವ ಹೊಸ ಗ್ಯಾಲನ್ ತಂದಿತು, ಅದೇ ಇಂಪೀರಿಯಲ್ ಗ್ಯಾಲನ್, 4.546 ಲೀಟರ್. ಎರಡರ ನಡುವೆ ಶೇಕಡಾ 20 ವ್ಯತ್ಯಾಸ. ಮೆಟ್ರಿಕ್ ಬರುವ ಮುಂಚೆ ಭಾರತದಲ್ಲಿ ನಡೆಯುತ್ತಿದ್ದದ್ದು ಇಂಗ್ಲೆಂಡಿನದು. ಕೆ.ಜಿ.ಎಫ್. ಕಡೆ ಬ್ರಿಟಿಷರ ಕಾಲದ ಡಬ್ಬ, ಕ್ಯಾನಿನ ಮೇಲೆ ಗ್ಯಾಲನ್ ಎಂದಿದ್ದರೆ 4.546 ಎಂದೇ ಹಿಡಿಯಿರಿ.

ಅಮೆರಿಕದ ಸರಪಳಿ ಸಲೀಸು: 3 ಟೀ ಚಮಚ 1 ಟೇಬಲ್ ಚಮಚ, 16 ಟೇಬಲ್ ಚಮಚ 1 ಕಪ್, 16 ಕಪ್ 1 ಗ್ಯಾಲನ್. 3 × 16 × 16 = 768 ಟೀ ಚಮಚಕ್ಕೆ 1 ಗ್ಯಾಲನ್. ಹಾಗ್ಸ್‌ಹೆಡ್ 63 ಗ್ಯಾಲನ್, ಆದ್ದರಿಂದ 63 × 768 = 48,384 ಟೀ ಚಮಚ, ಅಂದರೆ 238.5 ಲೀಟರ್. ಇಲ್ಲಿನ ಟೀ ಚಮಚ 4.93 ಮಿ.ಲೀ.ನದು. ನಮ್ಮ 5 ಮಿ.ಲೀ. ಚಮಚದಲ್ಲಿ ಅದೇ ಪೀಪಾಯಿಗೆ 47,700ರ ಸುಮಾರು ಸಾಕು.

ವೈನ್ ಪೀಪಾಯಿಗಳ ಸಾಲಿನಲ್ಲಿ ದೊಡ್ಡದು ಟನ್ (tun, ತೂಕದ ಟನ್ ಅಲ್ಲ), 252 ಗ್ಯಾಲನ್, 954 ಲೀಟರ್. ಅದರ ಅರ್ಧ ಪೈಪ್, ಮೂರರಲ್ಲೊಂದು ಪಂಚನ್, ಕಾಲು ಹಾಗ್ಸ್‌ಹೆಡ್, ಆರರಲ್ಲೊಂದು ಟಿಯರ್ಸ್, ಎಂಟರಲ್ಲೊಂದು ಬ್ಯಾರೆಲ್. ಟಿಯರ್ಸ್ ಎಂದರೆ 42 ಗ್ಯಾಲನ್, ತೈಲದ ಬ್ಯಾರೆಲ್ಲೂ 42 ಗ್ಯಾಲನ್ನೇ. ಹೀಗಾಗಿ ಬ್ಯಾರೆಲ್ ಎಂದ ಕೂಡಲೇ ಯಾವ ಬ್ಯಾರೆಲ್ ಎಂದು ಕೇಳಬೇಕು: ವೈನಿನದು 119 ಲೀಟರ್, ತೈಲದ್ದು 159, ಇಂಗ್ಲೆಂಡಿನ ಬಿಯರಿನದು 36 ಇಂಪೀರಿಯಲ್ ಗ್ಯಾಲನ್, 163.7 ಲೀಟರ್. ಬಿಯರಿನ ಸಾಲಿನಲ್ಲಿ ಹಾಗ್ಸ್‌ಹೆಡ್ 54 ಇಂಪೀರಿಯಲ್ ಗ್ಯಾಲನ್, 245.5 ಲೀಟರ್. ಅದರಲ್ಲೇ ಚಿಕ್ಕದಾದ ಫರ್ಕಿನ್ 9 ಗ್ಯಾಲನ್, 40.9 ಲೀಟರ್, ನಮ್ಮ ಡೇರಿಯ 40 ಲೀಟರ್ ಹಾಲಿನ ಕ್ಯಾನಿನಷ್ಟು. ನಂದಿ ಬೆಟ್ಟದ ಸುತ್ತಿನ ವೈನ್ ಲೆಕ್ಕಕ್ಕೆ ಬೇಕಾಗುವುದು ಫ್ರಾನ್ಸಿನ ಬೋರ್ಡೋ ಪೀಪಾಯಿ: 225 ಲೀಟರ್, 750 ಮಿ.ಲೀ. ಬಾಟಲಿ ಸರಿಯಾಗಿ 300.

ಹೊಟ್ಟೆ ಉಬ್ಬಿದ ಮರದ ಪೀಪಾಯಿ ಎದುರಿಗಿದ್ದರೆ

ಮೂರು ಒಳ ಅಳತೆ ಬೇಕು: ಹೊಟ್ಟೆಯ ವ್ಯಾಸ, ತುದಿಯ ವ್ಯಾಸ, ಉದ್ದ. ಹೊಟ್ಟೆಯ ವ್ಯಾಸದ ವರ್ಗವನ್ನು ಎರಡರಿಂದ ಗುಣಿಸಿ, ತುದಿಯ ವ್ಯಾಸದ ವರ್ಗ ಕೂಡಿಸಿ, ಉದ್ದದಿಂದಲೂ 0.2618ರಿಂದಲೂ ಗುಣಿಸಿ, 1000ದಿಂದ ಭಾಗಿಸಿ. ಹೊಟ್ಟೆ 60, ತುದಿ 50, ಉದ್ದ 80 ಸೆಂ.ಮೀ. ಆದರೆ:

(2 × 3600 + 2500) × 80 × 0.2618 ÷ 1000 = 203 ಲೀಟರ್

ಹೊಟ್ಟೆಯ ವ್ಯಾಸವೊಂದನ್ನೇ ಹಿಡಿದು ಡ್ರಮ್ಮಿನ ಸೂತ್ರ ಹಾಕಿದರೆ 226 ಬರುತ್ತದೆ. ಅದಕ್ಕಿಂತ ದೊಡ್ಡ ತಪ್ಪು ಹೊರಗಿನಿಂದ ಟೇಪು ಹಿಡಿಯುವುದು. ಹಲಗೆ ಎರಡೂವರೆ ಸೆಂ.ಮೀ. ದಪ್ಪವಿದ್ದರೆ ಅಳತೆಗಳು 65, 55, 85 ಆಗಿ ಉತ್ತರ 255 ಲೀಟರ್, ಅಂದರೆ ಕಾಲು ಪಾಲು ಹೆಚ್ಚು.

ಪೀಪಾಯಿ ಮಲಗಿದ್ದರೆ ಕೋಲಿನ ಗೀಟು ಸಮನಾಗಿ ಬರುವುದಿಲ್ಲ. ವ್ಯಾಸದ ಅರ್ಧಕ್ಕೆ ನಿಂತರೆ ಅರ್ಧ ಪೀಪಾಯಿ, ಅದೊಂದು ಸರಿ. ಹತ್ತರಲ್ಲೊಂದು ಪಾಲಿಗೆ ನಿಂತರೆ ಒಳಗಿರುವುದು ಶೇಕಡಾ 5, ಎರಡು ಪಾಲಿಗೆ 14, ಮೂರಕ್ಕೆ 25, ನಾಲ್ಕಕ್ಕೆ 37. ಇವು ಮೈ ಉಬ್ಬಿಲ್ಲದ ಡ್ರಮ್ಮನ್ನು ಮಲಗಿಸಿದಾಗಿನ ಅಂಕಿಗಳು. ಹೊಟ್ಟೆ ಉಬ್ಬಿದ ಪೀಪಾಯಿಯಲ್ಲಿ ತಳದ ಕಡೆ ಇನ್ನೂ ತುಸು ಕಡಿಮೆ. ಕೋಲು ಕಾಲು ಭಾಗ ಒದ್ದೆಯಾಗಿದೆ, ಕಾಲು ಪೀಪಾಯಿ ಉಳಿದಿದೆ ಎಂದು ಲೆಕ್ಕ ಹಾಕಿದರೆ ನಿಜವಾಗಿ ಐದರಲ್ಲೊಂದು ಪಾಲೂ ಇರುವುದಿಲ್ಲ.

ದೊಡ್ಡದರಿಂದ ಚಿಕ್ಕದಕ್ಕೆ

ಡ್ರಮ್ಮಿನ ಪಾಕವಿಧಾನವನ್ನು ಮನೆಗೆ ಇಳಿಸುವಾಗ ಗುಣಿಸಿದ ಅಂಕಿಯಿಂದಲೇ ಭಾಗಿಸಿದರಾಯಿತು. ತೊಡಕು ಬರುವುದು ತೀರಾ ಚಿಕ್ಕ ಪದಾರ್ಥಕ್ಕೆ. 200 ಲೀಟರ್ ತೀರ್ಥಕ್ಕೆ 4 ಗ್ರಾಂ ಪಚ್ಚಕರ್ಪೂರ ಎಂದಿದ್ದರೆ 1 ಲೀಟರಿಗೆ 0.02 ಗ್ರಾಂ. ಅಡುಗೆಮನೆಯ ತಕ್ಕಡಿಗೆ ಇದು ಕಾಣಿಸುವುದೇ ಇಲ್ಲ, ಕಣ್ಣಂದಾಜಿನಲ್ಲಿ ಚಿಟಿಕೆ ಹಾಕಿದರೆ ಹತ್ತುಪಟ್ಟು ಬಿದ್ದು ಬಾಯಿ ಕಹಿಯಾಗುತ್ತದೆ. 1 ಗ್ರಾಂ ಪಚ್ಚಕರ್ಪೂರವನ್ನು 99 ಗ್ರಾಂ ಸಕ್ಕರೆಯ ಜೊತೆ ಸ್ವಲ್ಪಸ್ವಲ್ಪವಾಗಿ ಸೇರಿಸುತ್ತಾ ನುಣ್ಣಗೆ ಅರೆದು ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿಡಿ. ಈ ಪುಡಿಯ 2 ಗ್ರಾಮಿನಲ್ಲಿ 0.02 ಗ್ರಾಂ ಕರ್ಪೂರ ಇರುತ್ತದೆ. ಅರೆದ ಸಕ್ಕರೆ ಹರಳಿಗಿಂತ ಹಗುರ, ಆದ್ದರಿಂದ ಚಮಚಕ್ಕೆ 4 ಗ್ರಾಂ ಎಂಬ ಹಳೆ ಅಂಕಿ ಹಿಡಿಯದೆ 10 ಚಮಚ ತೂಗಿ 2 ಗ್ರಾಂ ಎಂದರೆ ಎಷ್ಟು ಚಮಚ ಎಂದು ಬಾಟಲಿಯ ಮೇಲೇ ಬರೆದಿಡಿ. ಕರ್ಪೂರ ಆವಿಯಾಗುವುದರಿಂದ ತಿಂಗಳು ದಾಟಿದ ಪುಡಿ ಬಿಟ್ಟು ಹೊಸದಾಗಿ ಅರೆಯಿರಿ.